ಒಂಬತ್ತು ತಾಟು, ಒಂದು ಲೋಟ

ಮಾವಶಿ ತೀರಿಕೊಂಡ ಸುದ್ದಿ ಬಂದಾಗ ನಾನು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ. ನಿಮ್ಮವ್ವ ಒಳಗಿನಿಂದ ಬಂದು, "ಅತ್ತೀ, ಮಣ್ಣಿಗೆ ಹೋಗತೀರೇನು? ಇವರಿಗೆ ಗಾಡಿ ತೆಗೀರಿ ಅಂತ ಹೇಳಲೇನು?" ಎಂದು ಕೇಳಿದಳು. ಮೊಣಕಾಲು ನೋಯುತ್ತದೆ ಎಂದೆ. ಮೊಣಕಾಲು ನೋಯುತ್ತಿರಲಿಲ್ಲ.

ಆಮೇಲೆ ನೀವು ಮೊಮ್ಮಕ್ಕಳು, "ಯಾರಬೇ ಅಜ್ಜಿ, ಅವರು?" ಎಂದಿರಿ. "ಸಾಲ್ಯಾಗ ಕೂಡಿ ಅಡಗಿ ಮಾಡತಿದ್ವಿ" ಎಂದಷ್ಟೇ ಹೇಳಿದೆ. ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ನಿಂತವಳ ಬಗ್ಗೆ ಅಷ್ಟೇ ಹೇಳಿ ಸುಮ್ಮನಾದದ್ದು ಸರಿ ಅನ್ನಿಸಲಿಲ್ಲ. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಅದಕ್ಕೆ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಆಕೆಯನ್ನು ಹೆಸರು ಹಿಡಿದು ಕರೆದವರೂ ನಮ್ಮೂರಲ್ಲಿ ಕಡಿಮೆ. ಶಾಲೆಯ ಮಕ್ಕಳೆಲ್ಲ ಮಾವಶಿ ಎನ್ನುತ್ತಿದ್ದರು. ಮರಾಠಿಯಲ್ಲಿ ತಾಯಿಯ ಅಕ್ಕತಂಗಿಯರನ್ನು ಹಾಗೆ ಕರೆಯುತ್ತಾರೆ. ಅದೇ ಮಕ್ಕಳು ನನ್ನನ್ನು 'ಅಡಗಿ ಅಕ್ಕಾರ' ಎನ್ನುತ್ತಿದ್ದರು. ಆಕೆ ಅವರಿಗೆ ಬಳಗವಾದಳು, ನಾನು ಕೆಲಸದವಳಾಗಿ ಉಳಿದೆ. ಸಾರಿನ ಖಾರವನ್ನು ಮನೆಯಲ್ಲಿ ಹುರಿದು ಕುಟ್ಟಿ ಒಯ್ಯುತ್ತಿದ್ದವಳು ನಾನು. ಬಡಿಸುವ ಸೌಟು ಆಕೆಯ ಕೈಯಲ್ಲಿರುತ್ತಿತ್ತು. ಹೀಗಾಗಿ ಅದು 'ಮಾವಶಿ ಕೈ ಸಾರು' ಆಯಿತು. ಇಂಥ ಸಣ್ಣಪುಟ್ಟವನ್ನೆಲ್ಲ ನಾನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೇನೆ ಎಂದರೆ ನಿಮ್ಮಜ್ಜಿಯ ಹೊಟ್ಟೆಕಿಚ್ಚು ಎಷ್ಟಿತ್ತು ನೋಡಿರಿ.

ಆಕೆಯ ತವರು ಬೇಡಕಿಹಾಳದ ಕಡೆ. ಎರಡನೇ ಇಯತ್ತೆಯ, ಅಂದರೆ ಎರಡನೇ ವರ್ಗದ ತನಕ ಮರಾಠಿ ಶಾಲೆ, ಆಮೇಲೆ ನಿಪ್ಪಾಣಿಯ ಬೀಡಿ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಬೀಡಿ ಬಿಟ್ಟು, ಮದುವೆಯಾಗಿ ನಮ್ಮ ರಾಯಬಾಗದ ಕಡೆಗೆ ಬಂದರೂ ಆ ಕಟ್ಟಿನ ಲೆಕ್ಕ ಹೋಗಿರಲಿಲ್ಲ. ಬೆಳಿಗ್ಗೆ ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಂತರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿ, "ಐದು ಕಟ್ಟು, ಮ್ಯಾಲ ಮೂರು" ಎನ್ನುತ್ತಿದ್ದಳು. ನಾನು ಒಂದೊಂದೇ ತಲೆ ಎಣಿಸಿ ನೋಡಿದರೆ ಸರಿಯಾಗಿ ನೂರಾ ಇಪ್ಪತ್ತೆಂಟು ಇರುತ್ತಿತ್ತು. ಒಂದು ದಿನವಾದರೂ ತಪ್ಪಲಿ ಎಂದು ನಾನು ಎಣಿಸುತ್ತಿದ್ದೆ.

ಆಕೆ ಲೆಕ್ಕ ಮಾಡುವಾಗ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡಾಡುತ್ತಿತ್ತು, ತುಟಿ ಅಲುಗುತ್ತಿತ್ತು. ಮಗ್ಗಿಯೆಲ್ಲ ಮರಾಠಿಯಲ್ಲಿ: "ಬೇ ಏಕೆ ಬೇ, ಬೇ ದುಣೆ ಚಾರ," ಎರಡೊಂದಲ ಎರಡು, ಎರಡೆರಡಲ ನಾಲ್ಕು. ಅವರಪ್ಪ ತಂಬಾಕಿನ ಗೋದಾಮಿನಲ್ಲಿ ತೂಕ ಮಾಡುವವರಂತೆ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೂವತ್ತರ ತನಕ ಹೇಳಿಕೊಟ್ಟಿದ್ದರಂತೆ. ಆದರೆ ಬರೆದು ಮಾಡುವ ಲೆಕ್ಕ ಆಕೆಗೆ ಬರುತ್ತಿರಲಿಲ್ಲ. ಅದು ನನಗೆ ಬರುತ್ತಿತ್ತು. ನಾನು ಏಳನೇ ವರ್ಗದ ಮುಲ್ಕಿ ಪರೀಕ್ಷೆ ಪಾಸಾದವಳು. ಎಷ್ಟು ದೊಡ್ಡ ಭಾಗಾಕಾರ ಕೊಟ್ಟರೂ ಶೇಷದ ತನಕ ಇಳಿಸಿಕೊಂಡು ಹೋಗುತ್ತಿದ್ದೆ. ಅಕ್ಕಿಮೂಟೆ ಎಷ್ಟು ದಿನ ಬರುತ್ತದೆ, ಬೇಳೆ ದಿನಕ್ಕೆ ಎಷ್ಟು ಎಂದು ಭಾಗಿಸುವ ಕೆಲಸ ಬಂದಾಗ ಆಕೆ ಚೀಟಿ ಹಿಡಿದು ನನ್ನ ಹತ್ತಿರ ಬರುತ್ತಿದ್ದಳು. "ನೀ ಮುಲ್ಕಿ ಪಾಸು ಅದಿ, ಹೇಳಬೇ ತಂಗೆವ್ವಾ." ಆ ಅಡುಗೆಮನೆಯಲ್ಲಿ ನನಗೆ ಅಂತ ಇದ್ದದ್ದು ಅದೊಂದು.

ಒಮ್ಮೆ ನಿಮ್ಮಜ್ಜ ಊಟಕ್ಕೆ ಕೂತಾಗ ಅಂದರು: "ನಿಮ್ಮ ಮಾವಶಿ ಏನರ ಸಾಲಿ ಕಲತಿದ್ರ ಡೀಸಿ ಆಗತಿದ್ಲು ನೋಡ."

"ನಾ ಕಲತೇನಲ್ರಿ, ನಾ ಏನಾದೆ?"

"ನೀ ನನ್ನ ಹೆಂಡ್ತಿ ಆದಿ."

ಅವರು ನಕ್ಕರು. ನಾನು ಅವರ ತಾಟಿಗೆ ಎರಡನೇ ರೊಟ್ಟಿ ಹಾಕಲಿಲ್ಲ.

ಈಗ ಒಂದು ಸಂಖ್ಯೆಯ ಮಾತಿಗೆ ಬರುತ್ತೇನೆ. ನಾವು ಕೂಡಿ ಅಡುಗೆ ಮಾಡಲು ಹತ್ತಿದ ನಾಲ್ಕನೆಯ ವರ್ಷ ಅದು. ಗಣಿತಕ್ಕೆ ಹೊಸದಾಗಿ ಬಂದ ಸರ ಒಬ್ಬರಿದ್ದರು. ಅವರ ಏಳನೇ ವರ್ಗದ ಕಿಟಕಿ ನಮ್ಮ ಅಡುಗೆಮನೆಯ ಗೋಡೆಗಿತ್ತು. ಅಕ್ಕಿ ಹಸನು ಮಾಡುತ್ತ ನಾವಿಬ್ಬರೂ ಪಾಠ ಕೇಳುತ್ತಿದ್ದೆವು. ಯಾವ ಸಂಖ್ಯೆ ಮೂರಕ್ಕೆ ಹೋಗುತ್ತದೆ, ಅಂದರೆ ಶೇಷವಿಲ್ಲದೆ ಭಾಗವಾಗುತ್ತದೆ ಎಂದು ನೋಡಬೇಕಾದರೆ ಅಂಕಿಗಳನ್ನು ಕೂಡಿಸಿ ನೋಡಿ, ನಾಲ್ಕಕ್ಕಾದರೆ ಕೊನೆಯ ಎರಡು ಅಂಕಿ ನೋಡಿ, ಎಂಟಕ್ಕಾದರೆ ಕೊನೆಯ ಮೂರು, ಇಂಥ ಯುಕ್ತಿಗಳನ್ನೆಲ್ಲ ಕಲಿಸಿದರು. ಕಡೆಗೆ ಮಕ್ಕಳಿಗೆ ಒಂದು ಲೆಕ್ಕ ಹಾಕಿದರು.

ಸೊನ್ನೆಯಿಂದ ಒಂಬತ್ತರವರೆಗಿನ ಹತ್ತೂ ಅಂಕಿಗಳನ್ನು ಒಂದೊಂದೇ ಸಲ ಬಳಸಿ ಹತ್ತು ಅಂಕಿಯ ಒಂದು ಸಂಖ್ಯೆ ಮಾಡಬೇಕು. ಅದರ ಮೊದಲ ಎರಡು ಅಂಕಿಯ ಸಂಖ್ಯೆ ಎರಡಕ್ಕೆ ಹೋಗಬೇಕು, ಮೊದಲ ಮೂರು ಅಂಕಿಯದು ಮೂರಕ್ಕೆ, ಮೊದಲ ನಾಲ್ಕರದು ನಾಲ್ಕಕ್ಕೆ. ಹೀಗೆ ಹೋಗುತ್ತ ಹೋಗುತ್ತ ಹತ್ತೂ ಅಂಕಿಯ ಪೂರ್ತಿ ಸಂಖ್ಯೆ ಹತ್ತಕ್ಕೆ ಹೋಗಬೇಕು. ಎಲ್ಲಿಯೂ ಶೇಷ ಉಳಿಯಬಾರದು. "ಅಂಥಾದ್ದು ಜಗತ್ತಿನಾಗ ಒಂದ ಒಂದು ಐತಿ. ಹುಡುಕ್ರಿ" ಎಂದರು ಸರ. ಮಕ್ಕಳು ಎರಡು ದಿನ ಹುಡುಕಿ ಕಬಡ್ಡಿಗೆ ಹೋದರು. ಮಾವಶಿ ಬಿಡಲಿಲ್ಲ.

ಶಾಲೆಯ ತಾಟುಗಳ ಅಂಚಿಗೆ ಒಂದೊಂದು ನಂಬರು ಕೊರೆದಿತ್ತು, ಮಕ್ಕಳು ಜಗಳಾಡಬಾರದೆಂದು. ತೊಳೆದ ಮೇಲೆ ಬಿಸಿಲಿಗೆ ಕಟ್ಟೆಯ ಮೇಲೆ ಒಣಗಲು ಇಡುತ್ತಿದ್ದೆವು. ಮಾವಶಿ ಒಂದರಿಂದ ಒಂಬತ್ತರ ತನಕದ ತಾಟು ಬೇರೆ ತೆಗೆದು ಸಾಲಾಗಿ ಇಟ್ಟಳು. ಸೊನ್ನೆಗೆ ಒಂದು ಲೋಟವನ್ನು ಬೋರಲು ಹಾಕಿದಳು. ಲೋಟ ಹತ್ತನೆಯ ಜಾಗಕ್ಕೆ ಹೋಯಿತು, ಯಾಕೆಂದರೆ ಹತ್ತಕ್ಕೆ ಹೋಗುವ ಸಂಖ್ಯೆ ಸೊನ್ನೆಯಿಂದಲೇ ಮುಗಿಯಬೇಕು. ಐದರ ತಾಟು ಐದನೆಯ ಜಾಗಕ್ಕೆ. "ಇವೆರಡೂ ಮನಿಅಳಿಯರು ಇದ್ದಂಗ ಬೇ" ಎಂದಳು, "ಕುಂತಲ್ಲಿಂದ ಏಳಂಗಿಲ್ಲ."

ಎರಡು, ನಾಲ್ಕು, ಆರು, ಎಂಟನೆಯ ಜಾಗಗಳಲ್ಲಿ ಸಮ ಅಂಕಿಗಳೇ ಬರಬೇಕು. ಉಳಿದ ಜಾಗಗಳಿಗೆ ಬೆಸ. ನಾಲ್ಕನೆಯ ಜಾಗದ ಮುಂಚೆ ಬೆಸ ಅಂಕಿ ಇರುವುದರಿಂದ ಅಲ್ಲಿ ಎರಡು ಇಲ್ಲವೇ ಆರು ಮಾತ್ರ ಕೂರುತ್ತದೆ. ಹನ್ನೆರಡು, ಹದಿನಾರು, ಮೂವತ್ತೆರಡು ನಾಲ್ಕಕ್ಕೆ ಹೋಗುತ್ತವೆ. ಹದಿನಾಲ್ಕು, ಹದಿನೆಂಟು ಹೋಗುವುದಿಲ್ಲ. ಎಂಟನೆಯ ಜಾಗಕ್ಕೂ ಇದೇ ನಿಯಮ ಎಂದು ನನಗೆ ಹೊಳೆಯಿತು. ಹೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಮಾವಶಿ, "ಎಂಟಕ್ಕೂ ಹಂಗ ಐತಿ ನೋಡ" ಎಂದುಬಿಟ್ಟಳು. ಇಬ್ಬರಿಗೂ ಒಂದೇ ಹೊತ್ತಿಗೆ ಹೊಳೆದಿತ್ತು. ಅದು ನನಗೆ ಮಾತ್ರ ಗೊತ್ತು.

ಹತ್ತು ಹನ್ನೆರಡು ದಿನ ಹೀಗೆ ತಾಟು ಸರಿಸುತ್ತ ಕೂತಳು. ನಾಲ್ಕನೆಯದರಿಂದ ಆರನೆಯದರ ತನಕದ ಮೂರು ತಾಟು ಕೂಡಿದರೆ ಮೂರಕ್ಕೆ ಹೋಗಬೇಕು. ಹಾಗಾದರೆ ನಡುವೆ ಎರಡು-ಐದು-ಎಂಟು ಇರಬೇಕು, ಇಲ್ಲವೇ ಆರು-ಐದು-ನಾಲ್ಕು ಇರಬೇಕು. ಒಂಬತ್ತರ ಚಿಂತೆ ಇರಲಿಲ್ಲ. ಒಂದರಿಂದ ಒಂಬತ್ತು ಹೇಗೆ ಇಟ್ಟು ಕೂಡಿದರೂ ನಲವತ್ತೈದೇ, ಅದು ಒಂಬತ್ತಕ್ಕೆ ಹೋಗಿಯೇ ಹೋಗುತ್ತದೆ. ನೀವೂ ಹಾಳೆ ಹರಿದು ಅಂಕಿ ಬರೆದು ಜೋಡಿಸಿ ನೋಡಿರಿ. ಲಕ್ಷಗಟ್ಟಲೆ ಜೋಡಣೆಗಳಲ್ಲಿ ಹತ್ತು ಮಾತ್ರ ಉಳಿಯುತ್ತವೆ. ಎರಡನೇ ಇಯತ್ತೆ ಕಲಿತ ಹೆಂಗಸು ಅಲ್ಲಿಗೆ ಬಂದು ನಿಂತಿದ್ದಳು.

ಇನ್ನು ನೋಡಬೇಕಾದದ್ದು ಏಳರ ನಿಯಮ ಒಂದೇ. ಮೊದಲ ಏಳು ಅಂಕಿ ಏಳಕ್ಕೆ ಹೋಗಬೇಕು. ಅದಕ್ಕೆ ಸರ ಯಾವ ಯುಕ್ತಿಯನ್ನೂ ಕಲಿಸಿರಲಿಲ್ಲ.

"ಏಳು ಅಂದ್ರ ನಮ್ಮತ್ತಿ ಇದ್ದಂಗ" ಎಂದಳು ಮಾವಶಿ. "ಎಲ್ಲಾರಿಗೂ ಒಂದೊಂದು ಯುಕ್ತಿ ನಡೀತೈತಿ. ಆಕಿ ಮುಂದ ಯಾವುದೂ ನಡ್ಯಂಗಿಲ್ಲ, ನೇರ ಹೋಗಿ ಕಾಲ ಹಿಡೀಬೇಕು. ಇದು ನಿನ್ನ ಕೆಲಸ ತಂಗೆವ್ವಾ. ಹತ್ತೂ ಬರಕೋ, ಮನ್ಯಾಗ ಭಾಗಿಸಿಕೊಂಡು ಬಾ. ಯಾರ ಮುಂದೂ ಬಾಯಿ ಬಿಡಬ್ಯಾಡ ಮತ್ತ."

ಭಾನುವಾರ ಮಧ್ಯಾಹ್ನ ನಿಮ್ಮಪ್ಪನ ಹಳೇ ನೋಟುಬುಕ್ಕಿನಲ್ಲಿ ಭಾಗಿಸಲು ಕೂತೆ. ಮೊದಲಿನ ಐದರಲ್ಲೂ ಶೇಷ ಉಳಿಯಿತು. ಆರನೆಯದರ ಮೊದಲ ಏಳು ಅಂಕಿ ಮೂವತ್ತೆಂಟು ಲಕ್ಷದ ಹದಿನಾರು ಸಾವಿರದ ಐನೂರ ನಲವತ್ತೇಳು. ಏಳೈದಲ ಮೂವತ್ತೈದು, ಉಳಿದದ್ದು ಮೂರು. ಒಂದು ಇಳಿಸಿದೆ, ಮೂವತ್ತೊಂದು. ಏಳು ನಾಕಲ ಇಪ್ಪತ್ತೆಂಟು. ಆರು ಇಳಿಸಿದೆ, ಐದು ಇಳಿಸಿದೆ, ನಾಲ್ಕು ಇಳಿಸಿದೆ. ಅಲ್ಲಿಗೆ ಸೊನ್ನೆ ಬಂತು. ಕೊನೆಯ ಏಳು ತಾನಾಗಿಯೇ ಹೋಯಿತು. ಭಾಗಲಬ್ಧ ಐದು ಲಕ್ಷದ ನಲವತ್ತೈದು ಸಾವಿರದ ಇನ್ನೂರ ಇಪ್ಪತ್ತೊಂದು. ಶೇಷ ಇಲ್ಲ.

ಉಳಿದ ನಾಲ್ಕನ್ನೂ ಭಾಗಿಸಿದೆ. ಅವು ಯಾವುವೂ ಹೋಗಲಿಲ್ಲ. ಹಾಗಾದರೆ ಪೂರ್ತಿ ಸಂಖ್ಯೆ 3816547290. ಮುನ್ನೂರ ಎಂಬತ್ತೊಂದು ಕೋಟಿ ಅರವತ್ತೈದು ಲಕ್ಷ ನಲವತ್ತೇಳು ಸಾವಿರದ ಇನ್ನೂರ ತೊಂಬತ್ತು. ಸರ ಹೇಳಿದಂತೆ ಜಗತ್ತಿಗೆ ಒಂದೇ. ಸರನ್ನು ಬಿಟ್ಟರೆ ಆ ಊರಿನಲ್ಲಿ ಅದು ಗೊತ್ತಿದ್ದವಳು ಆ ಹೊತ್ತಿಗೆ ನಾನೊಬ್ಬಳೇ. ಬಾಗಿಲಲ್ಲಿ ಕಬ್ಬಿನ ಟ್ರಾಲಿಗಳು ಹೋಗುತ್ತಿದ್ದವು. ನನಗೆ ಎದ್ದು ಕುಣಿಯಬೇಕು ಎನ್ನಿಸಿತು. ಮರುಕ್ಷಣವೇ ನಾಳೆ ಏನಾಗುತ್ತದೆ ಎಂದು ಕಣ್ಣ ಮುಂದೆ ಬಂತು: ಮಾವಶಿ ಸರ್‌ಗೆ ಹೇಳುತ್ತಾಳೆ, ಪ್ರಾರ್ಥನೆಯಲ್ಲಿ ಅವಳನ್ನು ಮುಂದೆ ಕರೆಯುತ್ತಾರೆ, ಐದು ಕಟ್ಟು ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ನಾನು ಸೌಟು ಹಿಡಿದು ಬಾಗಿಲ ಹಿಂದೆ ನಿಂತಿರುತ್ತೇನೆ.

ಆ ಹಾಳೆ ಹರಿದು ಒಲೆಗೆ ಹಾಕಿದೆ.

"ಏನಾತಬೇ?" ಎಂದಳು ಸೋಮವಾರ, ನಾನು ಚಪ್ಪಲಿ ಬಿಡುವ ಮೊದಲೇ.

"ಒಂದೂ ಹೋಗಲಿಲ್ರಿ ಅಕ್ಕಾರ."

"ಹತ್ತರಾಗ ಒಂದೂ?"

"ಒಂದೂ ಇಲ್ರಿ."

ನನ್ನ ಮುಖ ನೋಡಿದಳು. ಅನುಮಾನ ಪಡಲಿಲ್ಲ. "ಹಂಗಾರ ನಾನ ಎಲ್ಲೋ ತಪ್ಪೇನಿ" ಎಂದು ಮತ್ತೆ ತಾಟು ತೆಗೆದಳು.

ಮರುವಾರ ನಾನು ಒಂದು ಚೀಟಿಯಲ್ಲಿ ಆ ಸಂಖ್ಯೆ ಬರೆದುಕೊಂಡು ಸರ ಕೂರುವ ಕೋಣೆಯ ಬಾಗಿಲಿಗೆ ಹೋದೆ. ನಾನೇ ಹೇಳಿಬಿಡಬೇಕು, ಮುಲ್ಕಿ ಪಾಸಾದವಳು ಕಂಡುಹಿಡಿದಳು ಎನ್ನಬೇಕು ಎಂದು ಮನಸ್ಸಿನಲ್ಲಿತ್ತು. ಸರ ತಲೆಯೆತ್ತಿ, "ಏನ್ರಿ ಅಕ್ಕಾರ, ಉಪ್ಪು ತೀರೇತೇನು?" ಎಂದರು.

"ಹೌದ್ರಿ" ಎಂದು ವಾಪಸು ಬಂದೆ. ಅಡುಗೆಮನೆಯಲ್ಲಿ ಉಪ್ಪು ಡಬ್ಬಿ ತುಂಬ ಇತ್ತು.

ಮಾವಶಿ ಮಾತ್ರ ದಿನಾ ಕಟ್ಟೆಯ ಮೇಲೆ ಕೂತು ಮೊದಲಿನಿಂದ ಜೋಡಿಸುತ್ತಿದ್ದಳು. ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದಳು. ತಪ್ಪು ಅಲ್ಲಿ ಇದ್ದರೆ ತಾನೆ ಸಿಗುವುದು? ಪ್ರತಿ ಸಲ ಅವೇ ಹತ್ತು ಬರುತ್ತಿದ್ದವು. ಸಾರು ಒಂದೆರಡು ಸಲ ತಳ ಹಿಡಿಯಿತು. ಮೊದಮೊದಲು ನನಗೆ ಒಳಗೊಳಗೇ ಸಮಾಧಾನವಿತ್ತು. ಆಮೇಲೆ ಆಕೆ ಬೆಳಿಗ್ಗೆ ಮಕ್ಕಳನ್ನು ಎಣಿಸುವುದನ್ನು ಬಿಟ್ಟಳು. "ನನ್ನ ತಲಿ ಮ್ಯಾಲ ನನಗ ಭರೋಸಾ ಇಲ್ಲಬೇ, ನೀನ ಎಣಿಸು" ಎಂದಳು. ಅವತ್ತು ಹೇಳಬೇಕಿತ್ತು. ಹೇಳಲಿಲ್ಲ. ಎಣಿಸಿದೆ.

ಮಾರ್ಚಿನಲ್ಲಿ ಸರ್‌ಗೆ ಅಥಣಿ ತಾಲೂಕಿನ ತೆಲಸಂಗದ ಕಡೆ ವರ್ಗವಾಯಿತು. ಬೀಳ್ಕೊಡುವ ದಿನ ನಾವು ಹುಗ್ಗಿ ಮಾಡಿದ್ದೆವು. ಶಾಲು, ತೆಂಗಿನಕಾಯಿ ಎಲ್ಲ ಆದ ಮೇಲೆ ಸರ ಮಕ್ಕಳಿಗೆ, "ನನ್ನ ಲೆಕ್ಕ ಹಂಗ ಉಳೀತಲ್ರೋ" ಎಂದರು.

ಮಾವಶಿ ಸೆರಗಿಗೆ ಕೈ ಒರಸಿಕೊಳ್ಳುತ್ತ ಒಳಗೆ ಹೋದಳು. "ಸರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಲೆಕ್ಕ ತಪ್ಪೈತಿ."

ಮಕ್ಕಳು ಹೋ ಎಂದರು. ಸರ ನಕ್ಕರು. "ಹೆಂಗ್ರಿ ಮಾವಶಿ?"

"ಹತ್ತು ಉಳಿತಾವ್ರಿ. ಒಂದೂ ಏಳಕ್ಕ ಹೋಗಂಗಿಲ್ಲ."

"ಹತ್ತು ಹೆಂಗ ಉಳಿದ್ವು, ಹೇಳ್ರಿ ನೋಡೋಣ."

ಹೇಳಿದಳು. ಲೋಟ, ಐದರ ತಾಟು, ನಡುವಿನ ಮೂರು, ಎಲ್ಲ. ಸರ ಸೀಮೆಸುಣ್ಣ ತೆಗೆದುಕೊಂಡು ಬರೆಯುತ್ತ ಹೋದರು. ಅವರ ನಗೆ ನಿಂತುಹೋಗಿತ್ತು. ಹಲಗೆಯ ಮೇಲೆ ಹತ್ತು ಸಂಖ್ಯೆ ಸಾಲಾಗಿ ನಿಂತಾಗ, "ಮಾವಶಿ, ನಾ ಇದನ್ನ ಪುಸ್ತಕದಾಗ ನೋಡಿ ತಂದಾಂವ. ನೀವು ಮಾಡಿದ್ರಿ" ಎಂದರು. ಆಮೇಲೆ ಆರನೆಯದರ ಮೊದಲ ಏಳು ಅಂಕಿಯನ್ನು ಏಳರಿಂದ ಭಾಗಿಸಿದರು. ಸೊನ್ನೆ ಬಂತು.

"ಹೋತಲ್ರಿ ಇದು! ಭಾಗಿಸಿದವರು ಯಾರು?"

ಮಾವಶಿ ಹಲಗೆಯನ್ನೇ ನೋಡುತ್ತಿದ್ದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಆಕೆ ನನ್ನ ಕಡೆ ತಿರುಗಲಿಲ್ಲ.

"ನಾನರಿ ಸರ. ಎರಡನೇತ್ತ ಕಲತಾಕಿ, ಎಲ್ಲೋ ತಪ್ಪೇತಿ."

ನನಗೆ ನಾಚಿಕೆಯಾಗಬೇಕಿತ್ತು, ಮಕ್ಕಳೇ. ಮೊದಲು ಆದದ್ದು ಹೊಟ್ಟೆಕಿಚ್ಚೇ. ನನ್ನ ಸುಳ್ಳನ್ನೂ ತಾನೇ ಹೊತ್ತುಕೊಂಡು ಎಲ್ಲರ ಮುಂದೆ ದೊಡ್ಡವಳಾದಳು. ಚಪ್ಪಾಳೆ ಬಿತ್ತು. ನಾನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಿತ್ತು. ಸರ ತಮಗೆ ಹೊದಿಸಿದ್ದ ಶಾಲನ್ನು ತೆಗೆದು ಆಕೆಯ ಕೈಗೆ ಕೊಟ್ಟರು.

ಎಲ್ಲರೂ ಹೋದ ಮೇಲೆ ತಾಟು ತೊಳೆಯಲು ಕೂತೆವು. ಶಾಲನ್ನು ಮಡಿಸಿ ಕಿಟಕಿಯಲ್ಲಿ ಇಟ್ಟಿದ್ದಳು. ಆಮೇಲೆ ಅಂದಳು, "ನೀ ಭಾಗಾಕಾರ ತಪ್ಪೂವಾಕಿ ಅಲ್ಲ. ನಾಕು ವರ್ಷ ನೋಡೇನಿ."

ನಾನು ಒಂದೇ ತಾಟನ್ನು ತಿಕ್ಕುತ್ತಿದ್ದೆ.

"ಯಾಕಬೇ?"

ಅದೇ ತಾಟಿಗೆ ಮತ್ತೆ ಬೂದಿ ಹಚ್ಚಿದೆ. ಆಕೆ ಕಾದಳು. ಕೊಡದ ನೀರು ಮುಗಿಯುವ ತನಕ ಕಾದಳು. ಕೊನೆಗೆ ಬೈಯುತ್ತಾಳೆ, ಊರ ತುಂಬ ಹೇಳುತ್ತಾಳೆ ಎಂದು ನಾನು ಕೂತಿದ್ದರೆ, "ನನಗ ಭಾಗಾಕಾರ ಕಲಸು" ಎಂದಳು. "ಸೂಟಿ ಬಿದ್ದ ಮ್ಯಾಲ ಮನೀಗೆ ಬಾ."

ಬೇಸಿಗೆ ಸೂಟಿಯಲ್ಲಿ ಆಕೆಯ ಮನೆಯ ಕಟ್ಟೆಯ ಮೇಲೆ ಪಾಟಿ ಹಿಡಿದು ಕೂತೆವು. ಮೊದಲ ದಿನ ನಾನು ಬೇಕೆಂದೇ ಗಡಬಡಿಸಿ ಹೇಳಿದೆ. ತಿಳಿಯದೇ ಇರಲಿ ಎಂಬ ಆಸೆ ಇನ್ನೂ ಇತ್ತು. "ಸಾವಕಾಶಬೇ, ಬಸ್ಸೇನು ತಪ್ಪಂಗಿಲ್ಲ" ಎಂದಳು. ನಾನು ಎರಡು ವರ್ಷ ಅತ್ತು ಕಲಿತದ್ದನ್ನು ಆಕೆ ಆರು ದಿನಕ್ಕೆ ಕಲಿತಳು. ಏಳನೆಯ ದಿನ ಯಾರ ಸಹಾಯವೂ ಇಲ್ಲದೆ ಆ ಹತ್ತನ್ನೂ ಒಂದೊಂದಾಗಿ ಭಾಗಿಸಲು ಹತ್ತಿದಳು. ನಾನು ಪಕ್ಕದಲ್ಲಿ ಕೂತಿದ್ದೆ. ಆರನೆಯದರಲ್ಲಿ ಸೊನ್ನೆ ಬಂದಾಗ ಖುಷಿಪಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಪಾಟಿ ಒರೆಸಿ ಏಳನೆಯದು ಬರೆದಳು. ಎಂಟನೆಯದು. ಒಂಬತ್ತನೆಯದು. ಹತ್ತನೆಯದರಲ್ಲಿ ಎರಡು ಉಳಿಯಿತು. ಬಳಪ ಕೆಳಗಿಟ್ಟು ಬೆರಳ ನೆಟಿಗೆ ಮುರಿದಳು.

"ಇನ್ನ ನೀ ಸುಳ್ಳು ಹೇಳಿದ್ರೂ ನಡೀತೈತಿ ಬಿಡಬೇ" ಎಂದಳು.

ನಗುತ್ತಲೇ ಅಂದಳು. ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು. ಇಬ್ಬರೂ ಕುಡಿದೆವು.

ಜೂನಿನಲ್ಲಿ ಶಾಲೆ ತೆರೆಯಿತು. ಹೊಸ ಅಕ್ಕಿಮೂಟೆ ಇಳಿದ ದಿನ ನಾನು ಸೀಸಕಡ್ಡಿ ತೆಗೆದುಕೊಂಡು ಕಾಯುತ್ತ ಕೂತೆ. ಮಾವಶಿ ಗೋಡೆಯ ಮೇಲೆ ಇದ್ದಿಲಿನಿಂದ ಭಾಗಿಸಿ, ಎಷ್ಟು ದಿನ ಬರುತ್ತದೆ ಎಂದು ತಾನೇ ಹೇಳಿದಳು. ಸರಿಯಾಗಿತ್ತು. ಅದಾದ ಮೇಲೆ ಏಳು ವರ್ಷ ಕೂಡಿ ಅಡುಗೆ ಮಾಡಿದೆವು. ಒಂದು ಜಗಳವನ್ನೂ ಆಡಲಿಲ್ಲ. ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುತ್ತಿದ್ದಳು, ನಿಮ್ಮಜ್ಜ ಹೋದಾಗ ಒಂಬತ್ತು ದಿನ ನನ್ನ ಪಕ್ಕದಲ್ಲೇ ಮಲಗಿದಳು. ಆದರೆ ಒಂದು ಲೆಕ್ಕವನ್ನೂ ನನ್ನ ಹತ್ತಿರ ತರಲಿಲ್ಲ.